ಅಜ್ಜಮ್ಮ ಕೇಳಿದ್ದು ಕಾಫಿಯಲ್ಲ

ನನ್ನ ಹೆಂಡತಿ ಸುಶೀಲ ಈಚೆಗೆ ಹುರುಳಿಕಾಯನ್ನು ಕತ್ತರಿಯಿಂದ ಹೆಚ್ಚುವುದನ್ನು ಕಲಿತಿದ್ದಾಳೆ. ಸೋಫಾದ ಮೇಲೆ ಕಾಲು ಮಡಿಸಿ ಕೂತು, ಮಡಿಲಲ್ಲಿ ಪಾತ್ರೆ ಇಟ್ಟುಕೊಂಡು, ಕಣ್ಣನ್ನು ಟೀವಿಗೆ ಕೊಟ್ಟು, ಕಚಕ್ ಕಚಕ್ ಎನ್ನಿಸುತ್ತಾಳೆ. ಹೆಚ್ಚುವುದು ಎಂದು ಬರೆದ ಮೇಲೆ ನನಗೇ ಅನುಮಾನ ಬಂತು. ತರಕಾರಿಯನ್ನು ಹೆಚ್ಚುತ್ತೇವೆ, ಹುಲ್ಲನ್ನು ಕೊಯ್ಯುತ್ತೇವೆ, ಮರವನ್ನು ಕಡಿಯುತ್ತೇವೆ, ಕೈಮಾವನ್ನು ಕೊಚ್ಚುತ್ತೇವೆ, ಬಟ್ಟೆಯನ್ನು ಕತ್ತರಿಸುತ್ತೇವೆ. ಕತ್ತರಿಯಿಂದ ಹುರುಳಿಕಾಯಿಗೆ ಏನು ಮಾಡುತ್ತೇವೆ? ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದವನು ನಾನು, ವ್ಯಾಕರಣ ಕೇಳಬೇಡಿ. ದರ್ಜಿ ಕೆಲಸದಲ್ಲಿ ತಲೆ ಬೆಳ್ಳಗಾದವನು. ಕತ್ತರಿಯ ವಿಚಾರವಾದರೆ ನಾಲ್ಕು ಮಾತು ಹೇಳಬಲ್ಲೆ.

"ಹಂಗ್ಯಾಕ್ರೀ ನೋಡ್ತೀರ? ಇದು ನಿಮ್ಮ ದೇವರ ಕತ್ತರಿ ಅಲ್ಲ, ಅಡಿಗೆಮನೇದು," ಎಂದಳು ಸುಶೀಲ.

"ನೋಡ್ಲಿಲ್ಲ ಕಣೆ. ಶಬ್ದ ಕೇಳಿಸ್ಕೊಂಡೆ."

"ಶಬ್ದದಲ್ಲೇನಿದೆ?"

ಆ ಶಬ್ದದಲ್ಲಿ ಅಟ್ಲಾಂಟಾದ ಬ್ಯೂಫರ್ಡ್ ಹೈವೇ ಬದಿಯ ಒಂದು ಹೋಟೆಲಿದೆ, ಅಲ್ಲಿ ಕತ್ತರಿಯಿಂದ ಮಾಂಸ ತುಂಡು ಮಾಡುತ್ತಿದ್ದ ಒಬ್ಬ ಹೆಂಗಸಿದ್ದಾರೆ, ಅವರಿಗೆ ನಾನು ಹೇಳಬೇಕಾಗಿದ್ದ ಒಂದು ವಾಕ್ಯವಿದೆ. ಅದನ್ನು ಸುಶೀಲಳಿಗೂ ಪೂರ್ತಿ ಹೇಳಿರಲಿಲ್ಲ. ಹುರುಳಿಕಾಯಿ ಮುಗಿಯುವುದರೊಳಗೆ ಹೇಳಿಬಿಡಬೇಕೆಂದು ಅವತ್ತು ತೀರ್ಮಾನ ಮಾಡಿದೆ. ನಿಮಗೂ ಹೇಳುತ್ತೇನೆ.

ನನ್ನ ಕತ್ತರಿಯನ್ನು ಮೊದಲು ಪರಿಚಯ ಮಾಡಿಕೊಡಬೇಕು. ಮೈಸೂರಿನಲ್ಲಿ ನನಗೆ ಕೆಲಸ ಕಲಿಸಿದ ಮಾಸ್ಟರು ಕೈ ನಡುಗಲು ಶುರುವಾದಾಗ ನನಗೆ ಕೊಟ್ಟ ಕತ್ತರಿ ಅದು. ಮುಂಗೈಯಷ್ಟು ಉದ್ದ, ಹಿಡಿಯುವ ಜಾಗದಲ್ಲಿ ಅವರ ಹೆಬ್ಬೆರಳು ಸವೆಸಿದ ತಗ್ಗು. ಕೊಡುವಾಗ ಎರಡು ಕಟ್ಟಳೆ ಹೇಳಿದ್ದರು. ಬಟ್ಟೆಯ ಹೊರತು ಇನ್ನೊಂದಕ್ಕೆ ತಾಗಿಸಬಾರದು, ಕಾಗದಕ್ಕೂ ಕೂಡ. ಖಾಲಿ ಕತ್ತರಿ ಆಡಿಸಬಾರದು, ಜಗಳ ಬರುತ್ತದೆ. ನರ್ಸಾಗಿದ್ದ ನಮ್ಮಕ್ಕ ಅರ್ಜಿ ಹಾಕಿ ನಮ್ಮಿಬ್ಬರನ್ನೂ ಅಟ್ಲಾಂಟಾಕ್ಕೆ ಕರೆಸಿಕೊಂಡಾಗ, ಸೂಟ್‌ಕೇಸಿನಲ್ಲಿ ಮೊದಲು ಜಾಗ ಸಿಕ್ಕಿದ್ದು ಈ ಕತ್ತರಿಗೆ, ಆಮೇಲೆ ಸುಶೀಲಳ ಒಗ್ಗರಣೆ ಸೌಟಿಗೆ.

ಒಲಿಂಪಿಕ್ಸ್ ಬರುತ್ತದೆಂದು ಊರನ್ನೆಲ್ಲ ಅಗೆದು ಹಾಕಿದ್ದ ಕಾಲ. ಯೂನ್ ಎಂಬ ಕೊರಿಯಾದವರ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ನನಗೆ ಆಲ್ಟರೇಷನ್ ಕೆಲಸ ಸಿಕ್ಕಿತು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಅಣ್ಣತಮ್ಮಂದಿರು. ಇಬ್ಬರೂ ಕ್ರಿಯಾಪದವನ್ನು ಕೊನೆಗೆ ಹಾಕುತ್ತಿದ್ದೆವು. "ಪ್ಯಾಂಟ್ ಟುಮಾರೋ ಗಿವ್," ಎಂದು ಅವರು ಹೇಳಿದರೆ ನನಗೆ ಹಾಲು ಕುಡಿದಷ್ಟು ಸಲೀಸು. ಅದೇ ಮಾತನ್ನು ಅಮೆರಿಕದವರು ಹೇಳಿದರೆ ಎರಡು ಸಲ ಕೇಳಿಸಿಕೊಳ್ಳಬೇಕಾಗಿತ್ತು. ಅವರ ಮಕ್ಕಳು ಅಪ್ಪನನ್ನು "ಅಪ್ಪ" ಎಂದೇ ಕೂಗುತ್ತಿದ್ದರು. ಮೊದಲ ದಿನ ನಾನು ಬೆಚ್ಚಿಬಿದ್ದು ತಿರುಗಿ ನೋಡಿದ್ದೆ.

ನಮ್ಮ ಅಂಗಡಿಗೆ ಅಂಟಿಕೊಂಡಂತೆ ಕೊರಿಯಾದ ಹೋಟೆಲು. ಎರಡಕ್ಕೂ ನಡುವೆ ಹಿಂಭಾಗದಲ್ಲಿ ಒಂದು ಬಾಗಿಲು, ಅದು ಯಾವಾಗಲೂ ತೆರೆದೇ ಇರುತ್ತಿತ್ತು. ಆ ಹೋಟೆಲಿನ ಯಜಮಾನಿಯನ್ನು ಎಲ್ಲರೂ ಕೂಗುತ್ತಿದ್ದದ್ದು "ಅಜುಮ್ಮ" ಎಂದು. ನನ್ನ ಕಿವಿಗೆ ಅದು ಅಜ್ಜಮ್ಮ. ನನ್ನದೇ ವಯಸ್ಸಿನ ಹೆಂಗಸನ್ನು ಹೀಗೆ ಅಜ್ಜಿ ಮಾಡಿಬಿಟ್ಟಿದ್ದಾರಲ್ಲ ಎಂದು ಬೇಸರವಾಯಿತು, ಆದರೂ ಊರಿಗಾದದ್ದು ನನಗೂ ಎಂದು ನಾನೂ ಅಜ್ಜಮ್ಮ ಎಂದೆ. ಅದು ಅವರ ಭಾಷೆಯಲ್ಲಿ ಬರೀ ಆಂಟಿ ಎಂದು ಎಷ್ಟೋ ದಿನದ ಮೇಲೆ ಯೂನ್ ತಿಳಿಸಿದರು. ಕನ್ನಡದಲ್ಲಿ ಅದಕ್ಕೇನರ್ಥ ಎಂದು ಕೇಳಿದಾಗ ನಾನು ನಿಜ ಹೇಳಿದೆ. ಅಜ್ಜಮ್ಮ ಇಕ್ಕಳ ಹಿಡಿದ ಕೈಯನ್ನು ಸೊಂಟದ ಮೇಲಿಟ್ಟು, "ಐ ಗ್ರ್ಯಾಂಡ್‌ಮದರ್? ಸಾಮಿ, ಯು ಮಿರರ್ ಲುಕ್," ಎಂದರು. ಪುಟ್ಟಸ್ವಾಮಿ ಎಂಬ ನನ್ನ ಹೆಸರು ಅವರ ಬಾಯಲ್ಲಿ ಸಾಮಿ ಆಗಿತ್ತು, ಥೇಟು ಮಂಡ್ಯದ ಕಡೆಯವರ ಹಾಗೆ.

ಯೂನ್ ನನ್ನನ್ನು ಮೊದಲ ಸಲ ಅಲ್ಲಿಗೆ ಊಟಕ್ಕೆ ಕರೆದುಕೊಂಡು ಹೋದಾಗ ನಾನು ಮಂಗ ಆದದ್ದನ್ನೂ ಹೇಳಬೇಕು. ಕೂತ ತಕ್ಷಣ ಮೇಜಿನ ತುಂಬ ಚಿಕ್ಕ ಚಿಕ್ಕ ಬಟ್ಟಲು ಬಂದವು. ಕಿಮ್ಚಿ ಎಂಬ ಹುಳಿಸಿದ ಎಲೆಕೋಸು, ಮೊಳಕೆಕಾಳು, ಸೊಪ್ಪು, ಮೂಲಂಗಿ, ಕರಿದ ಪುಟಾಣಿ ಮೀನು. ಬಾಳೆ ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಡಿಸಿ, ಅನ್ನ ಬರುವತನಕ ಕೂರಿಸುವ ಹಾಗೆ ಎಂದುಕೊಂಡು ನಾನು ಯಾವುದನ್ನೂ ಮುಟ್ಟದೆ ಕೂತೆ. ಯೂನ್ ಕೂಡ ಮುಟ್ಟಲಿಲ್ಲ. ಬಟ್ಟಲುಗಳು ನಮ್ಮಿಬ್ಬರನ್ನೂ ನೋಡಿದವು. ಹಿರಿಯರು ಚಮಚ ಎತ್ತುವ ತನಕ ಕಿರಿಯರು ತಿನ್ನಬಾರದಂತೆ. ಹಿರಿಯ ನಾನೇ ಆಗಿದ್ದೆ.

ಆಮೇಲೆ ಮಾಂಸ ಬಂತು. ಮೇಜಿನ ನಡುವೆಯೇ ಒಲೆ. ಗಾಲ್ಬಿ ಎಂದರೆ ಪಕ್ಕೆಲುಬು, ಹೆಚ್ಚಾಗಿ ದನದ್ದು; ನನಗಾಗಿ ಅವತ್ತು ಯೂನ್ ಹೇಳಿದ್ದು ಹಂದಿಯದು. ಮೂಳೆಗೆ ಅಂಟಿದ ಮಾಂಸವನ್ನು ತೆಳ್ಳಗೆ ಬಿಡಿಸಿ, ಅಳತೆಯ ಟೇಪಿನ ಹಾಗೆ ಸುರುಳಿ ಸುತ್ತಿ, ಸೋಯಾ ರಸ, ಬೆಳ್ಳುಳ್ಳಿ, ಎಳ್ಳೆಣ್ಣೆ, ಅರೆದ ಮರಸೇಬು ಹಾಕಿ ನೆನೆಸಿಟ್ಟಿರುತ್ತಾರೆ. ಬುಲ್ಗೋಗಿ ಎಂಬ ಇನ್ನೊಂದಕ್ಕೂ ಹೆಚ್ಚುಕಡಿಮೆ ಅದೇ ಮಸಾಲೆ, ಮಾಂಸ ಮಾತ್ರ ಕಾಗದದಷ್ಟು ತೆಳು. ಅಜ್ಜಮ್ಮ ಎಡಗೈಯಲ್ಲಿ ಇಕ್ಕಳ, ಬಲಗೈಯಲ್ಲಿ ಕತ್ತರಿ ಹಿಡಿದು ಬಂದರು. ಸುರುಳಿಯನ್ನು ಕಾದ ಜಾಲರಿಯ ಮೇಲೆ ಉರುಳಿಸಿದರು, ಚುರ್ ಎಂದಿತು, ತಿರುವಿ ಹಾಕಿದರು, ಎತ್ತಿ ಹಿಡಿದು ಕಚಕ್ ಕಚಕ್ ಎಂದು ತುಂಡು ಮಾಡಿದರು. ನನಗೆ ನಾಲಿಗೆಯಲ್ಲಿ ನೀರು, ಮನಸ್ಸಿನಲ್ಲಿ ಮಾಸ್ಟರು. ಆದರೂ ಕೈಯ ಕೆಲಸ ನೋಡುವವನಿಗೆ ತಿಳಿಯುತ್ತದೆ: ಒಂದು ತುಂಡು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ, ಎಲ್ಲ ಒಂದೇ ಅಳತೆ.

ತಿನ್ನುವ ರೀತಿ ಹೀಗೆ. ಅಂಗೈ ಮೇಲೆ ಲೆಟ್ಯೂಸ್ ಎಲೆ, ಅದರ ಮೇಲೆ ವೀಳ್ಯದೆಲೆಗೂ ದೊಡ್ಡಪತ್ರೆಗೂ ಹುಟ್ಟಿದ ಮಗುವಿನಂಥ ಇನ್ನೊಂದು ಎಲೆ, ಒಂದು ಚೂರು ಮಾಂಸ, ಹುಳಿಸಿದ ಸೋಯಾ ಚಟ್ನಿ, ಹಸಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ಮಡಿಸಿ, ಇಡಿಯಾಗಿ ಬಾಯಿಗೆ. ನಾನು ಅರ್ಧ ಕಚ್ಚಿ ಉಳಿದರ್ಧವನ್ನು ತಟ್ಟೆಯಲ್ಲಿಟ್ಟೆ. ಅಜ್ಜಮ್ಮನ ಮುಖ ನೋಡಬೇಕಾಗಿತ್ತು. ಎಂಜಲು ಮಾಡಿದ ಮಗುವನ್ನು ನೋಡುವ ಹಾಗೆ. ಆಗ ಹೊಳೆಯಿತು, ಇದು ಬೀಡಾ. ಬೀಡಾವನ್ನು ಯಾರಾದರೂ ಅರ್ಧ ಕಚ್ಚುತ್ತಾರೆಯೇ? ಮರು ತುತ್ತಿನಿಂದ ನಾನು ಪಂಡಿತನಾದೆ. ಕೊನೆಗೆ ಮಂಜುಗಡ್ಡೆ ತೇಲುವ ಸಾರಿನಲ್ಲಿ ಶಾವಿಗೆ ಬಂತು, ನಮ್ಮ ಮೊಸರನ್ನದ ಜಾಗಕ್ಕೆ. ಅದನ್ನೂ ಕತ್ತರಿಯಿಂದಲೇ ಅಡ್ಡಡ್ಡ ತುಂಡು ಮಾಡಿ ಕೊಟ್ಟರು.

ನಾನು ದನದ್ದು ತಿನ್ನುವುದಿಲ್ಲ ಎಂದು ತಿಳಿದ ಮೇಲೆ ಅಜ್ಜಮ್ಮ ನನಗೆ ಹಂದಿಯದೋ ಕೋಳಿಯದೋ ಮಾಡುತ್ತಿದ್ದರು, ಅದೂ ಜಾಲರಿ ಬದಲಾಯಿಸಿ. ಮಧ್ಯಾಹ್ನ ಹಿಂಬಾಗಿಲಿನಿಂದ ತಟ್ಟೆ ಬರುತ್ತಿತ್ತು, ಸಂಜೆ ಕಾಫಿ ಬರುತ್ತಿತ್ತು. ನಾನು ಅವರ ಏಪ್ರನ್‌ಗಳಿಗೆ ಜೇಬು ಹೊಲಿದು ಕೊಡುತ್ತಿದ್ದೆ.

ಇಷ್ಟೆಲ್ಲ ತಿನ್ನುತ್ತಿದ್ದವನು ಅಟ್ಲಾಂಟಾದ ಕನ್ನಡದವರ ಮುಂದೆ ಏನಾಗಿದ್ದೆ ಗೊತ್ತೇ? ಪ್ಯೂರ್ ವೆಜ್. ಇದಕ್ಕೆ ಹಿಂದಿನ ಕಥೆಯಿದೆ. ನಾನು ಬೆಳೆದದ್ದು ಸೋದರಮಾವನ ಮಿಲಿಟರಿ ಹೋಟೆಲಿನ ಹಿತ್ತಿಲಲ್ಲಿ. ಬೆಳಗಾದರೆ ಕುರಿತಲೆ ಸುಡುವ ವಾಸನೆ. ಆ ವಾಸನೆ ಅಂಗಿಗೆ ಹತ್ತಿ ನನ್ನ ಜೊತೆ ಸ್ಕೂಲಿಗೂ ಬರುತ್ತಿತ್ತು. ಹಾಜರಿಯಲ್ಲಿ ನಾನು ಪುಟ್ಟಸ್ವಾಮಿ, ಆಟದ ಬಯಲಲ್ಲಿ ತಲೆಮಾಂಸ. ಅರವತ್ತು ಹತ್ತಿರವಾಗಿ, ಸಮುದ್ರ ದಾಟಿ ಬಂದ ಮೇಲೂ ಆ ಹೆಸರು ಬೆನ್ನ ಹಿಂದೆ ನಿಂತಿದೆ ಎನಿಸುತ್ತಿತ್ತು. ನಾನು ಬ್ಲೌಸ್ ಹೊಲಿಯುತ್ತೇನೆಂಬ ಸುದ್ದಿ ಹಬ್ಬಿ, ಮೈಸೂರು ಬೆಂಗಳೂರಿನ ಹೆಣ್ಣುಮಕ್ಕಳು ಕಾರು ತುಂಬ ಬರತೊಡಗಿದರು. ಒಬ್ಬಳು ಸುಮ್ಮನೆ ಕೇಳಿದಳು, "ಅಂಕಲ್, ನೀವು ವೆಜ್ಜಾ?" ನನ್ನ ಬಾಯಿ ತಾನಾಗಿ, "ಪ್ಯೂರ್ ವೆಜ್ಜಮ್ಮ. ನಮ್ದು ಬಟ್ಟೆ ವ್ಯಾಪಾರದ ಮನೆತನ," ಎಂದುಬಿಟ್ಟಿತು. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ವಿದ್ಯೆ ನನಗೆ ಗೊತ್ತಿರಲಿಲ್ಲ. ಸುಶೀಲ ಮಾತ್ರ, "ಬಟ್ಟೆ ವ್ಯಾಪಾರದೋರೇ, ಬಾಯಿ ತೊಳ್ಕೊಂಡ್ ಬನ್ನಿ, ಬೆಳ್ಳುಳ್ಳಿ ಹೊಡೀತಿದೆ," ಎನ್ನುತ್ತಿದ್ದಳು.

ಅವತ್ತು ದೀಪಾವಳಿ ಫಂಕ್ಷನ್ನಿಗೆ ಮುಂಚಿನ ಶನಿವಾರ. ಅಂಗಡಿಯಲ್ಲಿ ಬ್ಲೌಸಿನ ರಾಶಿ. ವಿದ್ಯಾ ಎಂಬ ಹುಡುಗಿ, ಬೆಂಗಳೂರಿನವಳು, ಗಂಡ ಹೆಂಡತಿ ಇಬ್ಬರೂ ಕಂಪ್ಯೂಟರ್ ಕೆಲಸದವರು, ತನ್ನ ಬ್ಲೌಸಿಗಾಗಿ ಕೌಂಟರಿನ ಆಚೆ ನಿಂತಿದ್ದಳು. ನಾನು ಮೊಣಕಾಲೂರಿ ಯಾರದೋ ಪ್ಯಾಂಟಿನ ಅಂಚಿಗೆ ಗುಂಡುಸೂಜಿ ಚುಚ್ಚುತ್ತಿದ್ದೆ, ಇನ್ನೊಂದಿಷ್ಟು ಸೂಜಿ ತುಟಿಯ ಮಧ್ಯೆ. ಪಕ್ಕದ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ. ಹಿಂಬಾಗಿಲಿನಲ್ಲಿ ಅಜ್ಜಮ್ಮನ ತಲೆ ಕಂಡಿತು.

"ಸಾಮಿ, ಕಾವಿ. ಕಾವಿ, ಓಕೆ?"

ಕಾಫಿ ಎಂದು ನನಗೆ ಕೇಳಿಸಿತು. ದಿನಾ ಬರುವ ಹೊತ್ತೇ ಅದು. ತುಟಿ ಬಿಚ್ಚದೆ, ಸೂಜಿಗಳ ಸಂದಿಯಿಂದಲೇ, "ಓಕೆ, ಓಕೆ," ಎಂದೆ.

ಪ್ಯಾಂಟು ಮುಗಿಯಿತು, ಕಾಫಿ ಬರಲಿಲ್ಲ. ವಿದ್ಯಾಳ ಬ್ಲೌಸಿನ ಒಳಗಿನ ಬಟ್ಟೆ ಸ್ವಲ್ಪ ಕತ್ತರಿಸಬೇಕಾಗಿತ್ತು, ಕತ್ತರಿ ಕಾಣಲಿಲ್ಲ. ಮೇಜಿನ ಮೇಲೆ, ಕೆಳಗೆ, ಬಟ್ಟೆ ರಾಶಿಯೊಳಗೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಅಜ್ಜಮ್ಮ ಬಂದರು. ನಗುತ್ತಿದ್ದರು, ಹಣೆಯ ಮೇಲೆ ಬೆವರು. ನನ್ನ ಮಾಸ್ಟರ ಕತ್ತರಿಯನ್ನು ಏಪ್ರನ್ನಿನ ತುದಿಯಿಂದ ಒರೆಸುತ್ತ, "ಥ್ಯಾಂಕ್ ಯು, ಸಾಮಿ. ಮೈ ಕಾವಿ ಬ್ರೋಕನ್. ಯುವರ್ ಕಾವಿ ವೆರಿ ಗುಡ್," ಎಂದರು. ಅಲಗಿನ ಮೇಲೆ ಗಾಲ್ಬಿಯ ಕೊಬ್ಬು ಹೊಳೆಯುತ್ತಿತ್ತು.

ಅವರ ಭಾಷೆಯಲ್ಲಿ ಕಾವಿ ಎಂದರೆ ಕತ್ತರಿ.

ನಾನು ಕೂಗಾಡಿದೆ. ನನಗೆ ಅಷ್ಟು ಇಂಗ್ಲಿಷ್ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. "ಹೂ ಟೋಲ್ಡ್ ಟೇಕ್? ದಿಸ್ ಮೈ ಗಾಡ್. ಮೈ ಗಾಡ್ ವಿತ್, ಯು ಕೌ ಕಟ್?" ಯೂನ್ ಇಸ್ತ್ರಿ ಬಿಟ್ಟು ಓಡಿ ಬಂದರು. ಅಜ್ಜಮ್ಮನ ನಗು ನಿಂತಿತು. ಸಣ್ಣ ದನಿಯಲ್ಲಿ, "ಐ ಆಸ್ಕ್. ಯು ಓಕೆ ಸೇ," ಎಂದರು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅವರು ಹಾಗೆಂದ ಕೂಡಲೇ ನನಗೆ ಎಲ್ಲ ತಿಳಿಯಿತು. ಕಾವಿ, ಕಾಫಿ, ಓಕೆ ಓಕೆ, ಪೂರ್ತಿ ತಿಳಿಯಿತು. ಅಲ್ಲೇ ನಕ್ಕುಬಿಟ್ಟಿದ್ದರೆ ಎಲ್ಲರೂ ನಗುತ್ತಿದ್ದರು. ಆದರೆ ವಿದ್ಯಾ ನೋಡುತ್ತಿದ್ದಳು. ಮಾಂಸದ ಕತ್ತರಿಯಲ್ಲಿ ನಮ್ಮ ಬ್ಲೌಸು ಕತ್ತರಿಸುತ್ತಾನೆ ಎಂದು ಊರೆಲ್ಲ ಹೇಳಿದರೆ? ಬೆನ್ನ ಹಿಂದಿನ ತಲೆಮಾಂಸ ಎದುರಿಗೆ ಬಂದು ನಿಂತಂತಾಯಿತು.

"ನೋ," ಎಂದೆ. "ಐ ಓಕೆ ನೋ ಸೇ."

ಅಜ್ಜಮ್ಮ ಯೂನ್ ಮುಖ ನೋಡಿದರು. ಯೂನ್ ನೆಲ ನೋಡಿದರು. ಅಜ್ಜಮ್ಮ ಕತ್ತರಿಯನ್ನು ಮುಚ್ಚಿ, ಎರಡೂ ಕೈಯಲ್ಲಿ ಹಿಡಿದುಕೊಂಡು, ಬಂದ ಬಾಗಿಲಿನಿಂದಲೇ ಹೋದರು.

ವಿದ್ಯಾ ಬ್ಲೌಸನ್ನು ಮಡಿಸುತ್ತ, "ಅಂಕಲ್, ಅಷ್ಟು ಬೈಬಾರ್ದಿತ್ತು. ಪಾಪ ಅವರು," ಎಂದಳು.

"ಅಲ್ಲಮ್ಮ, ನಿಮ್ಮಂಥೋರ ಬಟ್ಟೆ ಮುಟ್ಟೋ ಕತ್ತರಿ…"

"ನಮ್ಮಂಥೋರೇನು ಅಂಕಲ್, ಎವ್ರಿ ಫ್ರೈಡೇ ನಾವಿಬ್ರೂ ಅಲ್ಲೇ ಚಿಕನ್ ತಿನ್ನೋದು. ಈ ತಿಂಗಳು ಮಾತ್ರ ಅವಾಯ್ಡ್ ಮಾಡ್ತಿದೀವಿ, ಅತ್ತೆ ಬಂದಿದಾರೆ ಊರಿಂದ."

ನಾಟಕ ಆಡಿದ್ದು ಯಾರಿಗಾಗಿಯೋ, ಅವರು ಟಿಕೆಟ್ಟೇ ಕೊಂಡಿರಲಿಲ್ಲ.

ಮಾರನೆಯ ಬೆಳಗ್ಗೆ ಕತ್ತರಿ ನನ್ನ ಮೇಜಿನ ಮೇಲಿತ್ತು. ತೊಳೆದು, ಸಾಣೆ ಹಿಡಿಸಿ, ಎಣ್ಣೆ ಬಿಟ್ಟು, ಬಿಳಿ ಟವೆಲಿನಲ್ಲಿ ಸುತ್ತಿತ್ತು. ಯೂನ್ ಹಿಂಬಾಗಿಲಿಗೆ ಹೊಸ ಚಿಲಕ ಕೂರಿಸುತ್ತಿದ್ದರು. ಕೇಳದೆ ತೆಗೆದುಕೊಂಡು ಹೋಗುವವರು ಎಂದು ಅಜ್ಜಮ್ಮನಿಗೆ ಬಿದ್ದ ಹೆಸರು ಆ ಚಿಲಕ. ನಾನು ಹೊಲಿಗೆಯ ಯಂತ್ರವನ್ನು ಜೋರಾಗಿ ತುಳಿದೆ. ಕರೆಂಟಿನ ಯಂತ್ರ, ಜೋರಾಗಿ ತುಳಿದರೆ ಶಬ್ದವೇನೋ ಹೆಚ್ಚಾಗುತ್ತದೆ.

ದೇವರು ಎಂದು ಕೂಗಿದೆನಲ್ಲ, ಅದೂ ನನ್ನನ್ನು ಬಿಡಲಿಲ್ಲ. ಆಯುಧಪೂಜೆಯ ದಿನ ನಮ್ಮ ಮಾವ ಮಾಂಸ ಕೊಚ್ಚುವ ಮಚ್ಚನ್ನೂ ಕೊರಡನ್ನೂ ಬಿಸಿನೀರಿನಲ್ಲಿ ಉಜ್ಜಿಸಿ, ಹೋಟೆಲಿನ ಬಾಗಿಲಲ್ಲಿ ಇಡಿಸುತ್ತಿದ್ದರು. ಅವಕ್ಕೆ ಕುಂಕುಮ ಹಚ್ಚಿ ಚೆಂಡುಹೂ ಏರಿಸುವ ಕೆಲಸ ನನ್ನದಾಗಿತ್ತು. ಊರಿನ ಬೇರೆ ಹುಡುಗರು ಸೈಕಲ್ಲಿಗೆ ಹಚ್ಚುತ್ತಿದ್ದರು, ನಾನು ಮಚ್ಚಿಗೆ. ಮಾಂಸ ತಾಗಿದ ಕಬ್ಬಿಣಕ್ಕೆ ದೇವರು ಬರುವುದಿಲ್ಲ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಅದನ್ನು ನಾನೇ ಆ ಶನಿವಾರ ಕೌಂಟರಿನ ಹಿಂದೆ ನಿಂತ ನಿಲುವಿನಲ್ಲಿ ಹುಟ್ಟಿಸಿದ್ದು.

ತಟ್ಟೆ ಬರುವುದು ನಿಂತಿತು. ಚಳಿಗಾಲ ಕಳೆಯಿತು. ಒಂದು ಮಧ್ಯಾಹ್ನ ಮನಸ್ಸು ಗಟ್ಟಿ ಮಾಡಿ, ಹೋಟೆಲಿನ ಮುಂಬಾಗಿಲಿನಿಂದ ಒಳಗೆ ಹೋದೆ. ಹೇಳಬೇಕಾದ್ದನ್ನು ಬೆಳಗ್ಗೆಯಿಂದ ಉರು ಹೊಡೆದಿದ್ದೆ: ಐ ಸೇ ಓಕೆ, ಐ ಲೈ, ಸಾರಿ. ಅಜ್ಜಮ್ಮ ನನ್ನನ್ನು ನೋಡಿ, ಏನೂ ಕೇಳದೆ ಕುರ್ಚಿ ಎಳೆದರು. ಒಲೆಯ ಮೇಲಿನ ಜಾಲರಿ ತೆಗೆದು ಹೊಸದು ಹಾಕಿದರು. "ಪಿಗ್. ನೋ ಕೌ," ಎಂದರು. ಹೊಸ ಕತ್ತರಿಯಿಂದ ಮಾಂಸ ತುಂಡಾಗುತ್ತಿತ್ತು.

"ಅಜ್ಜಮ್ಮ, ದಟ್ ಡೇ, ಐ…"

ಅಷ್ಟರಲ್ಲಿ ಎಲೆ ಮಡಿಸಿಯಾಗಿತ್ತು. ಬೀಡಾಕ್ಕಿಂತ ದೊಡ್ಡ ತುತ್ತನ್ನು ನನ್ನ ಬಾಯಿಯ ಹತ್ತಿರ ಹಿಡಿದು, "ಆ…" ಎಂದರು. ತಮ್ಮವರಿಗೆ ಮಾತ್ರ ಹೀಗೆ ಕೈಯಾರೆ ಕೊಡುತ್ತಾರೆ ಎಂದು ಯೂನ್ ಹಿಂದೊಮ್ಮೆ ಹೇಳಿದ್ದರು. ನಮ್ಮಲ್ಲಿ ಕೈತುತ್ತು ಇದ್ದಂತೆ. ನಾನು ಬಾಯಿ ತೆರೆದೆ. ತುತ್ತು ಇಡಿಯಾಗಿ ಒಳಗೆ ಹೋಯಿತು. ಅರ್ಧ ಕಚ್ಚುವಂತಿಲ್ಲ, ಉಗುಳುವಂತಿಲ್ಲ, ಮಾತಾಡುವಂತಿಲ್ಲ. ಹಸಿಮೆಣಸಿನಕಾಯಿ ಇಡೀದೇ ಇಟ್ಟಿದ್ದರೆಂದು ಕಾಣುತ್ತದೆ. ಕಣ್ಣಲ್ಲಿ ನೀರು ಬಂತು. ಅಜ್ಜಮ್ಮ ನೀರಿನ ಲೋಟ ಮುಂದಿಟ್ಟು, ಇನ್ನೊಂದು ಮೇಜಿನವರು ಕೂಗಿದರೆಂದು ಹೋದರು.

ಮಾರನೆಯ ದಿನದಿಂದ ತಟ್ಟೆ ಮತ್ತೆ ಬಂತು. ಚಿಲಕ ಇತ್ತಲ್ಲ, ಅವರು ಪಾರ್ಕಿಂಗ್ ಲಾಟ್ ಸುತ್ತಿ ಮುಂಬಾಗಿಲಿನಿಂದ ತರುತ್ತಿದ್ದರು. ಮಳೆ ಬಂದ ದಿನ ತಟ್ಟೆಯ ಮೇಲೆ ಏಪ್ರನ್ ಮುಚ್ಚಿಕೊಂಡು. ಅದನ್ನು ನೋಡುತ್ತ ನಾನು ತಿಂದೆ. ತಟ್ಟೆ ಬರುತ್ತಿದೆ, ಇನ್ನೇಕೆ ಕೆದಕುವುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು ಹೇಳಿದ್ದು ಒಂದು ಗಳಿಗೆಯ ಮಾತು. ಆ ಸಮಾಧಾನದಲ್ಲಿ ವರ್ಷಗಳನ್ನು ಕಳೆದೆ. ಒಲಿಂಪಿಕ್ಸ್ ಬಂದು ಹೋಯಿತು. ಅಜ್ಜಮ್ಮ ಹೋಟೆಲು ಮುಚ್ಚಿ, ವಾಷಿಂಗ್ಟನ್ ಪಕ್ಕದ ಆನಂಡೇಲಿನಲ್ಲಿರುವ ಮಗಳ ಮನೆಗೆ ಹೋದರು. ಹೋಟೆಲಿದ್ದ ಜಾಗದಲ್ಲಿ ಈಗ ಫೋನ್ ಕಾರ್ಡ್ ಮಾರುತ್ತಾರೆ.

ಹುರುಳಿಕಾಯಿ ಮುಗಿದಿತ್ತು. ಸುಶೀಲ ಟೀವಿಯ ಶಬ್ದವನ್ನು ಯಾವಾಗ ತೆಗೆದಳೋ ಗೊತ್ತಿಲ್ಲ.

"ಇಷ್ಟು ದಿನ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಹೋಗಿ ಹೇಳ್ಬನ್ನಿ ಅಂತಿದ್ದೆ."

"ಈಗ್ಲೂ ಅದನ್ನೇ ಅನ್ನೋದು."

ಮರುದಿನ ಯೂನ್ ಹತ್ತಿರ ಹೋಗಿ ನಿಂತೆ. ಬಾಯಲ್ಲಿ ಸೂಜಿ ಇಲ್ಲವೆಂದು ಒಮ್ಮೆ ಮುಟ್ಟಿ ನೋಡಿಕೊಂಡೆ. "ಅಜ್ಜಮ್ಮ ಆಸ್ಕ್. ಐ ಓಕೆ ಸೇ. ದೆನ್ ಐ ಲೈ," ಎಂದೆ. ಅವರು ಇಸ್ತ್ರಿಯನ್ನು ಪಕ್ಕಕ್ಕಿಟ್ಟರು. "ವೈ ನೌ?" ಎಂದು ಕೇಳಿದರು. ಆಮೇಲೆ ಸ್ಕ್ರೂಡ್ರೈವರ್ ತಂದು ಆ ಚಿಲಕವನ್ನು ಬಿಚ್ಚಿದರು. ಬಾಗಿಲ ಆಚೆ ಫೋನ್ ಕಾರ್ಡಿನ ಅಂಗಡಿಯ ಗೋಡೆಯಿದೆ, ಆದರೂ ಬಿಚ್ಚಿದರು. ಮಗಳ ಮನೆಯ ವಿಳಾಸ ಬರೆದು ಕೊಟ್ಟರು.

ವಿದ್ಯಾ ಈಗ ಆನಂಡೇಲಿನ ದಾರಿಯಲ್ಲೇ ಸಿಗುವ ಷಾರ್ಲೆಟ್‌ನಲ್ಲಿದ್ದಾಳೆ. ಅವಳಿಗೂ ಹೇಳದಿದ್ದರೆ ಲೆಕ್ಕ ಮುಗಿಯುವುದಿಲ್ಲವೆಂದು ಫೋನು ಮಾಡಿದೆ. ಪ್ಯೂರ್ ವೆಜ್ ಅಲ್ಲ ಎಂಬುದರಿಂದ ಶುರುಮಾಡಿ, ಅಜ್ಜಮ್ಮನ ಹತ್ತಿರ ಹೋಗಿ ಒಪ್ಪಿಕೊಳ್ಳಬೇಕೆಂದಿರುವ ತನಕ ಎಲ್ಲ ಹೇಳಿದೆ.

"ಅಂಕಲ್, ನೀವು ಓಕೆ ಅಂದಿದ್ದು ನಾನೂ ಕೇಳಿಸ್ಕೊಂಡಿದ್ದೆ."

"ಅಲ್ಲೇ ಹೇಳ್ಬೋದಿತ್ತಲ್ಲಮ್ಮ."

"ನಿಮಗೆ ಇನ್ಸಲ್ಟ್ ಆಗುತ್ತೆ ಅಂತ ಸುಮ್ನಾದೆ. ಆಮೇಲೆ ಆ ಹೋಟೆಲಿಗೆ ಹೋಗಕ್ಕೇ ಆಗ್ಲಿಲ್ಲ. ನೀವು ಷಾರ್ಲೆಟ್ ತನಕ ಬನ್ನಿ, ಅಲ್ಲಿಂದ ನಾನು ಡ್ರೈವ್ ಮಾಡ್ತೀನಿ. ನಾ ಒಬ್ಳೇ ಹೋಗೋ ಧೈರ್ಯ ಇಲ್ಲ."

ಹಾಗಾಗಿ ಈ ಶುಕ್ರವಾರ ಹೊರಡುವುದೆಂದಾಗಿದೆ. ಸುಶೀಲ ದಾರಿಗೆ ಪುಳಿಯೋಗರೆ ಕಲೆಸುತ್ತೇನೆ ಎಂದಿದ್ದಾಳೆ, ದಕ್ಷಿಣದ್ದು ಉತ್ತರದ್ದು ಎಂದು ಎರಡು ಕ್ಯಾರೊಲಿನಾ ರಾಜ್ಯ ದಾಟಬೇಕಲ್ಲ. ಬಿಳಿ ಟವೆಲಿನಲ್ಲಿ ಸುತ್ತಿದ ಕತ್ತರಿಯೂ ಬ್ಯಾಗಿನಲ್ಲಿದೆ. ಮಾಸ್ಟರು ಬೈದುಕೊಳ್ಳಲಿ, ಅಜ್ಜಮ್ಮ ಬೇಕೆಂದರೆ ಅದರಲ್ಲೇ ಗಾಲ್ಬಿ ಕತ್ತರಿಸಲಿ. ಅವರು ಅವತ್ತು ನಾನು ಹೇಳಲು ಬಂದದ್ದನ್ನು ತಿಳಿದೇ ಬಾಯಿ ಮುಚ್ಚಿಸಿದರೋ, ತಿಳಿಯದೆಯೋ, ಎಷ್ಟು ಯೋಚಿಸಿದರೂ ನನಗೆ ಗೊತ್ತಾಗಿಲ್ಲ. ತಿಳಿದಿದ್ದರೂ ಹೇಳುತ್ತೇನೆ. ಕುರ್ಚಿ ಎಳೆದರೂ ಕೂರುವುದಿಲ್ಲ. ಬಾಗಿಲಲ್ಲೇ ನಿಂತು, ಮಗಳು ಮೊಮ್ಮಕ್ಕಳು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ. ಅವರು ಕೇಳಿದ್ದರು, ನಾನು ಓಕೆ ಎಂದಿದ್ದೆ. ತುತ್ತಿಗೆ ಬಾಯಿ ತೆರೆಯುವುದು ಆಮೇಲೆ.